ಹೆಣ ಸಿಗದ ಅಂಬಿಗ

ಗಿರಣಿ ಅಕ್ಕನ ಹುಬ್ಬು ಬೆಳ್ಳಗಾಗಿದ್ದದ್ದು ವಯಸ್ಸಿನಿಂದಲೋ ಹಿಟ್ಟಿನಿಂದಲೋ, ಈಗ ನನಗೆ ಖಚಿತವಿಲ್ಲ. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿತ್ತು. ಪುಟ ತಿರುಗಿಸುವ ಮೊದಲು ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಉಳಿದದ್ದರಲ್ಲಿ ಎಷ್ಟು ಕಂಡದ್ದು, ಎಷ್ಟು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ಅನುಮಾನಿಸುವುದೊಂದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ಮೊದಲು ಊರಿನವರನ್ನು ಅನುಮಾನಿಸಿದೆ, ಈಗ ನನ್ನನ್ನೇ.

ಮನೋಳಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಎಲ್ಲರಿಗೂ ಗಿರಣಿ ಅಕ್ಕ. ಓದಿದ್ದು ಏಳನೆಯ ಇಯತ್ತೆ. ಡಬ್ಬಿಗಳ ಸಾಲಿನ ಮೇಲಿದ್ದ ಗೂಡಿನಲ್ಲಿ ಒಬ್ಬನೇ ಲೇಖಕನ ಕಾದಂಬರಿಗಳು ಇರುತ್ತಿದ್ದವು. ಮುಳುಗಿದ ಪಟ್ಟಣ, ಮಾತಾಡುವ ನದಿ, ನೆರಳು ಮಾರುವ ಸಂತೆ, ಎಲ್ಲವೂ ಒಂದೇ ಲೋಕದ ಕತೆಗಳು. ಒಂದರಲ್ಲಿ ಸುಮ್ಮನೆ ಹಾದುಹೋದವನು ಮುಂದಿನದರಲ್ಲಿ ರಾಜನಾಗಿರುತ್ತಿದ್ದ. ಹೊಸದು ಬಂದಾಗೆಲ್ಲ ಅಕ್ಕ ಮೊದಲನೆಯದರಿಂದ ಮತ್ತೆ ಓದಿಕೊಂಡು ಬರುತ್ತಿದ್ದರು.

ಜೋಳ ತಂದ ಹಿರಿಯರೊಬ್ಬರು ಕೆಣಕಿದರು, “ಇಂಥಾ ಸುಳ್ಳ ಕತಿ ಓದಿ ಏನ್ ಮಾಡ್ತೀಬೇ?”

“ನಿಮ್ಮ ಖರೆ ಸುದ್ದಿ ದಿನಾ ಕೇಳತೇನಲ್ಲರಿ, ಅದಕ್ಕ ಔಷಧ ಬೇಕಾಗತೈತಿ.”

ನಾನು ಆಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಊರಿಗೆ ಬಂದಾಗ, ಇಷ್ಟು ಪುಸ್ತಕಗಳ ನಂಟು ಹೇಗೆ ನೆನಪಿಡುತ್ತೀರಿ ಎಂದು ಕೇಳಿದ್ದಕ್ಕೆ ಬೀಸುವ ಕಲ್ಲು ತೋರಿಸಿದರು. “ಗೋದಿ ಬೀಸಿದ ಮ್ಯಾಲ ಜ್ವಾಳ ಹಾಕಿದ್ರ ಮದಲನೇ ಬೊಗಸ್ಯಾಗ ಗೋದಿ ಬಂದ ಬರತೈತಿ. ಕಲ್ಲು ಎಲ್ಲಾನೂ ಬಿಟ್ಟುಕೊಡೂದಿಲ್ಲ, ತಮ್ಮಾ. ಇಂವಾ ಬರಿಯೂದೂ ಹಂಗ.” ಆ ಮೊದಲ ಬೊಗಸೆಯನ್ನು ಅವರು ಯಾರ ಡಬ್ಬಿಗೂ ಹಾಕುತ್ತಿರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿ ನೋಡಿ, ಉಳಿದದ್ದನ್ನು ಆಕಳಿಗೆ ಎತ್ತಿಡುತ್ತಿದ್ದರು. ಮುಂಚೆ ಏನು ಬೀಸಿತ್ತು ಎಂದು ಆ ಚಿಟಿಕೆಯಲ್ಲೇ ಅವರಿಗೆ ಗೊತ್ತಾಗುತ್ತಿತ್ತು.

ಎರಡನೆಯ ಪುಸ್ತಕದಲ್ಲಿ ಒಬ್ಬ ಅಂಬಿಗನಿದ್ದಾನೆ. ಮಹಾಪೂರದಲ್ಲಿ ಅವನ ದೋಣಿ ಮುಳುಗುತ್ತದೆ. ಒಂಬತ್ತನೆಯದರಲ್ಲಿ ಹೆಸರಿಲ್ಲದ ಒಬ್ಬ ಬಾಗಿಲು ಕಾಯುವವನು ಬರುತ್ತಾನೆ. ಇಬ್ಬರೂ ಒಬ್ಬನೇ ಎಂಬುದು ಅಕ್ಕನ ವಾದ. “ದೋಣಿ ಬಿಡೂ ಮುಂದ ಎಡಗೈಯ್ಯಾಗ ಉಪ್ಪು ಹಾಕ್ಕೊಂಡು ನೆಕ್ಕತಾನ. ಬಾಗಲಾ ಕಾಯಾಂವನೂ ಹಂಗ ನೆಕ್ಕತಾನ.”

ನಾನು ಎರಡನೆಯ ಪುಸ್ತಕದಾಚೆ ಓದಿರಲಿಲ್ಲ. ಆದರೂ ಹೇಳಿದೆ, “ಉಪ್ಪು ಯಾರ್ ಬೇಕಾದ್ರೂ ನೆಕ್ಕತಾರಕ್ಕಾ. ಅಂವಾ ಸತ್ತಾನ, ಬಿಡ್ರಿ.”

“ಹಂಗಾರ ಬರದಾಂವನ್ನ ಕೇಳೂಣು.”

ಹನ್ನೊಂದನೆಯದರ ಬಿಡುಗಡೆಗೆ ಲೇಖಕ ಧಾರವಾಡಕ್ಕೆ ಬಂದಾಗ ಅಕ್ಕ ಗಿರಣಿಗೆ ಬೀಗ ಹಾಕಿದರು. ಡಬ್ಬಿ ಹಿಡಿದು ಬಂದವರು ಗೊಣಗಿದರು. “ಒಂದಿನ ಅನ್ನಾ ಉಣ್ರಿ, ಏನಾಗೂದಿಲ್ಲ” ಎಂದು ಅಕ್ಕ ಬಸ್ಸು ಹತ್ತಿದರು.

ಸಭೆಯಲ್ಲಿ ಎದ್ದು ನಿಂತು ಅಂಬಿಗನ ವಿಷಯ ಕೇಳಿದರು. ಲೇಖಕರು ಮೆಲ್ಲಗೆ ನಕ್ಕರು. “ಅಮ್ಮಾ, ಅವನನ್ನು ಮುಳುಗಿಸಿದ್ದು ನಾನೇ. ಅವನು ಸತ್ತು ಒಂಬತ್ತು ಪುಸ್ತಕ ಆಯ್ತು.”

“ಸಾಹೇಬ್ರ, ದೋಣಿ ಮುಳುಗಿದ್ದು ಬರದೀರಿ. ಹೆಣಾ ಸಿಕ್ಕಿದ್ದು ಬರದಿಲ್ಲರಿ.”

ಸಭೆ ನಕ್ಕಿತು. ಎಷ್ಟು ಜನ ನಕ್ಕರೋ ಗೊತ್ತಿಲ್ಲ, ನನ್ನ ನೆನಪು ಅದನ್ನು ಹಿಗ್ಗಿಸಿರಬಹುದು. ನಾನು ನಕ್ಕದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. ಮೈಕು ಬೇರೆಯವರ ಕೈಗೆ ಹೋಯಿತು. ಅಕ್ಕ ಕೂರಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೂ ನಿಂತೇ ಇದ್ದರು.

ಊರಿಗೆ ಮರಳುವ ಬಸ್ಸಿನಲ್ಲಿ ನಾನೂ ಅವರ ಜೊತೆಗಿದ್ದೆ. ಸವದತ್ತಿ ದಾಟಿದ ಮೇಲೆ ಕೇಳಿದರು, “ಒಂಬತ್ತನೇದ ಓದೀಯೇನು?”

“ಇಲ್ಲರಿ.”

“ಮತ್ತ ಯಾವುದರ ಮ್ಯಾಲ ನಕ್ಕಿ?”

ಗಿರಣಿಯ ಬಾಗಿಲಿಗೆ ಒಂದು ಪಾಟಿ, ಮಕ್ಕಳು ಬರೆಯುವ ಸ್ಲೇಟು, ತೂಗುಹಾಕಿರುತ್ತಿದ್ದರು. ಅದರಲ್ಲಿ ಸಾಮಾನ್ಯವಾಗಿ ‘ಕರೆಂಟ್ ಇಲ್ಲ’ ಎಂದು ಇರುತ್ತಿತ್ತು. ಮರುದಿನ ಅದನ್ನು ಅಳಿಸಿ ‘ಅಂಬಿಗ ಸತ್ತಿಲ್ಲ’ ಎಂದು ಬರೆದರು. ಹೊಳೆ ದಂಡೆಯ ಊರು, ಜನ ಗಾಬರಿಯಾಗಿ ಬಂದು “ಯಾವ ಅಂಬಿಗಬೇ? ಏನಾಗಿತ್ತು ಅವಂಗ?” ಎಂದು ವಿಚಾರಿಸಿದರು. ಅಕ್ಕ ಹಿಟ್ಟು ಬೀಸುತ್ತಲೇ ಪ್ರತಿಯೊಬ್ಬರಿಗೂ ಕತೆ ಮೊದಲಿನಿಂದ ಹೇಳಿದರು. ಪಾಟಿ ನಾಲ್ಕು ದಿನ ಇತ್ತೋ ಹದಿನೈದು ದಿನವೋ. ಕರೆಂಟ್ ಹೋದಾಗಲೂ ಅಳಿಸಲಿಲ್ಲ.

ಇಂಥ ಕಾದಂಬರಿಗಳನ್ನು ನಾನು ಪಾಠ ಮಾಡುವ ವಿಭಾಗದಲ್ಲಿ ಯಾರೂ ಸಾಹಿತ್ಯವೆನ್ನುವುದಿಲ್ಲ. ಎನ್ನದಿರಲಿ. ಓದದೆಯೇ ತೀರ್ಪು ಕೊಡುವವರ ನಡುವೆ ಇಷ್ಟು ವರ್ಷ ಕಳೆದಿದ್ದೇನೆ, ಅವರಲ್ಲಿ ನಾನೂ ಒಬ್ಬನಾಗಿದ್ದೆ. ನಾನು ಕಂಡ ಅತಿ ಎಚ್ಚರದ ಓದುಗರು ಹಿಟ್ಟು ಬೀಸುತ್ತಿದ್ದರು. ಇದನ್ನು ಯಾವ ಸಭೆಯಲ್ಲಾದರೂ ಎದ್ದು ನಿಂತು ಹೇಳುತ್ತೇನೆ. ಮೈಕು ಕಸಿದರೆ ಮೈಕಿಲ್ಲದೆ.

ಹೋದ ವರ್ಷ ಅಕ್ಕ ತೀರಿಕೊಂಡರು. ಅವರ ಮಗಳು ಪುಸ್ತಕಗಳನ್ನು ನನಗೆ ಕೊಟ್ಟಳು. ಹಾಳೆಗಳ ಸಂದಿಯಲ್ಲಿ ತವುಡಿತ್ತು. ಎರಡನೆಯದರಿಂದ ಒಂದೂ ಬಿಡದೆ ಓದುತ್ತ ಹೋದೆ. ಒಂಬತ್ತನೆಯದರ ಇನ್ನೂರ ಹನ್ನೆರಡನೆಯ ಪುಟದಲ್ಲಿ ಆ ಬಾಗಿಲು ಕಾಯುವವನು ಅಗಳಿ ತೆಗೆಯುವ ಮೊದಲು ಅಂಗೈಯಲ್ಲಿ ಉಪ್ಪು ಹಾಕಿಕೊಂಡು ನೆಕ್ಕುತ್ತಾನೆ. ಎಡಗೈ. ಎರಡನೆಯದನ್ನು ಮತ್ತೊಮ್ಮೆ ತೆರೆದು ಕೊನೆಯವರೆಗೂ ಹುಡುಕಿದೆ. ಹೆಣ ಸಿಕ್ಕಿತೆಂದು ಎಲ್ಲಿಯೂ ಬರೆದಿಲ್ಲ.