ವೈಂಡಿಂಗ್ ಅಂಗಡಿಯ ಬೇಸ್ ಗಿಟಾರ್

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಮದುವೆ ನಡೆದದ್ದು ಕೊಟ್ಟೂರಿನಲ್ಲಿ, ಅದು ಖಚಿತ. ನಾನು ಉಟ್ಟಿದ್ದ ಸೀರೆ ಹಸಿರೋ ನೀಲಿಯೋ ಹೇಳಲಾರೆ. ಇಪ್ಪತ್ತು ವರ್ಷ ಒಬ್ಬ ಮನುಷ್ಯನನ್ನು ದ್ವೇಷಿಸಿದವಳ ನೆನಪನ್ನು ಎಷ್ಟು ನಂಬಬಹುದೋ ಅಷ್ಟೇ ನಂಬಬೇಕು. ವಾರ್ನಿಷ್ ವಾಸನೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಹೋದ ತಿಂಗಳು ಹರಪನಹಳ್ಳಿಯ ಅವ್ವನ ಮನೆಗೆ ಹೋಗಿದ್ದಾಗ ಮಿಕ್ಸರ್ ಸುಟ್ಟಿತು. ಯಾವಾಗಲೂ ರಿಪೇರಿಗೆ ಕೊಡುವ ಅಂಗಡಿಗೆ ಬಾಗಿಲು ಹಾಕಿತ್ತು. ತೆರೆದಿದ್ದದ್ದು ಒಂದೇ, ಬಸ್ ನಿಲ್ದಾಣದ ಹಿಂದಿನ ವೈಂಡಿಂಗ್ ಅಂಗಡಿ. ಆ ಬೀದಿಯನ್ನು ನಾನು ಇಪ್ಪತ್ತು ವರ್ಷ ಬೇಕೆಂದೇ ಬಳಸಿ ನಡೆದಿದ್ದೇನೆ. ಮೆಟ್ಟಿಲು ಹತ್ತುವ ಮೊದಲೇ ಆ ವಾಸನೆ ಮೂಗಿಗೆ ಬಡಿಯಿತು. ಮೋಟರಿಗೆ ಹೊಸದಾಗಿ ಸುತ್ತಿದ ತಾಮ್ರದ ತಂತಿಯ ಮೇಲೆ ಹೊಯ್ದು ಒಣಗಲು ಬಿಟ್ಟ ವಾರ್ನಿಷ್... ನಾನು ದ್ವೇಷಿಸಿದ ಆ ಮನುಷ್ಯನ ಅಂಗಿಯೂ ಗಿಟಾರೂ ಹೀಗೇ ನಾರುತ್ತಿದ್ದವು. ಮಿಕ್ಸರನ್ನು ಕಂಕುಳಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದೆ.

ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ದಿನವೂ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುವವರು, ಕಾರ್ಯಕ್ರಮವಿದ್ದ ದಿನ ಈ ಅಂಗಡಿ ಮುಚ್ಚಿ ನನ್ನ ಸೋದರಮಾವನ ಆರ್ಕೆಸ್ಟ್ರಾದಲ್ಲಿ, ಹಾಡಿನ ತಳಕ್ಕೆ ದಪ್ಪ ದನಿ ಕೊಡುವ ಬೇಸ್ ಗಿಟಾರ್ ನುಡಿಸಲು ಬರುತ್ತಿದ್ದರು. ಮಾವ ಆ ಪಾರ್ಟಿಯ ಯಜಮಾನ, ಕೀಬೋರ್ಡ್ ಅವನದೇ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕರೆದಲ್ಲಿಗೆ ಟ್ರ್ಯಾಕ್ಸ್ ಜೀಪಿನಲ್ಲಿ ಹೋಗುತ್ತಿದ್ದೆವು. ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ಕಾಲ ಅದು. ಹಾಡುಗಾರ್ತಿಯಾಗಬೇಕು ಎಂಬ ಆಸೆ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಮೊದಲ ದಿನ ನಾನು ಒಂದು ಚರಣ ಹಾಡಿ ಮುಗಿಸುವುದರೊಳಗೆ ಕಾಕಾ ಡ್ರಮ್ಮಿನವರ ಕಡೆ ತಿರುಗಿ, ನನಗೆ ಕೇಳುವಂತೆಯೇ ಹೇಳಿದರು, "ತಗಡಿನ ಮ್ಯಾಲ ಮಳಿ ಬಿದ್ದಂಗೈತಿ ದನಿ. ಸೊಸಿ ಅಂತ ಕರ್ಕೊಂಡು ಬಂದಾನ." ನಮ್ಮ ಕಡೆ ಸೋದರಮಾವನಿಗೆ ಅಕ್ಕತಂಗಿಯರ ಮಗಳು ಸೊಸಿ. ಅಂದಿನಿಂದ ಅವರ ಬಾಯಲ್ಲಿ ನನಗೆ ಹೆಸರು ಉಳಿಯಲಿಲ್ಲ. ಸೊಸಿ ಬಂದ್ಳು, ಸೊಸಿಗೆ ಮೈಕ್ ಕೊಡ್ರಿ, ಸೊಸಿ ಚಹಾ ಕುಡದ್ಳೇನು ಕೇಳ್ರಿ. ಟ್ರ್ಯಾಕ್ಸಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ ಹಲ್ಲು ಕಚ್ಚಿಕೊಂಡಿರುತ್ತಿದ್ದೆ.

ಅವರಿಗೆ ಯಾವುದೂ ಹಿಡಿಸುತ್ತಿರಲಿಲ್ಲ. ಹೊಸ ತಂತಿ ಕಂಡರೆ ಆಗದು. ಅವರ ಗಿಟಾರಿನ ನಾಲ್ಕು ತಂತಿಗಳು ಬೆರಳಿನ ಜಿಡ್ಡಿನಿಂದ ಕಪ್ಪಾಗಿದ್ದವು. ಬದಲಿಸಿ ಎಂದರೆ, ಹೊಸ ತಂತಿಗೂ ಈ ಹುಡುಗಿಗೂ ಬರೀ ಸಪ್ಪಳವೇ ಜಾಸ್ತಿ ಎನ್ನುತ್ತಿದ್ದರು. ಬೆರಳಿನ ಬದಲು ಮೀಟುಕಡ್ಡಿಯಿಂದ ನುಡಿಸುವವರನ್ನು ಕಂಡರೆ ತಿರಸ್ಕಾರ. ಇವರು ಮೀಟುತ್ತಿದ್ದುದು ಹೆಬ್ಬೆರಳಿನ ಪಕ್ಕದ ಮೆತ್ತನೆಯ ಮಾಂಸದಿಂದ. ಗಿಟಾರಿನ ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿದು ಸ್ಪೀಕರ್ ಪೆಟ್ಟಿಗೆಗೆ ಕಳಿಸುವ ಸುರುಳಿ, ಒಮ್ಮೆ ಸತ್ತುಹೋಗಿತ್ತಂತೆ. ಅದನ್ನು ಮೋಟರು ಸುತ್ತುವ ಯಂತ್ರದ ಮೇಲೆ ಕೂರಿಸಿ ತಾವೇ ಮತ್ತೆ ಸುತ್ತಿದ್ದರು. ಬೇಕಂತಲೇ ಸುತ್ತು ಜಾಸ್ತಿ ಹಾಕೀನಿ, ದನಿ ದಪ್ಪ ಆಗಲಿ ಅಂತ, ಎಂದು ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಬೇಸು ಕಿವಿಗೆ ಬೀಳಬಾರದು, ನಿಂತಾಗ ಮಾತ್ರ ಇಲ್ಲೇನೋ ಇತ್ತಲ್ಲ ಎನ್ನಿಸಬೇಕು ಎಂಬುದು ಅವರ ಇನ್ನೊಂದು ಮಾತು. ಮದುವೆಯಲ್ಲಿ ಊಟಕ್ಕೆ ಕೂತವರಿಗೆ ಇದೆಲ್ಲ ಬೇಕೇ ಎಂದು ನನಗೆ ಅನ್ನಿಸುತ್ತಿತ್ತು.

ಒಂದು ಸಂಗತಿಯನ್ನು ಒಲ್ಲದ ಮನಸ್ಸಿನಿಂದ ಬರೆಯುತ್ತಿದ್ದೇನೆ. ಯಾವ ಊರಿಗೆ ಹೋದರೂ ಅವರು ಇಳಿದವರೇ ಒಂದು ಕಬ್ಬಿಣದ ಸಲಾಕೆ ನೆಲಕ್ಕೆ ಬಡಿದು, ಬುಡಕ್ಕೆ ಉಪ್ಪುನೀರು ಹೊಯ್ದು, ಅದರಿಂದ ಅರ್ತಿಂಗ್ ವೈರು ಎಳೆಯುತ್ತಿದ್ದರು. ಅದಿಲ್ಲದಿದ್ದರೆ ಜನರೇಟರ್ ಕರೆಂಟಿಗೆ ಮೈಕ್ ತುಟಿಗೆ ತಾಗಿದರೆ ಶಾಕ್ ಹೊಡೆಯುತ್ತಿತ್ತು. ನನ್ನ ಮೈಕನ್ನು ಮೊದಲು ಅವರೇ ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ, ಆಮೇಲೆ ಮಾತಾಡದೆ ನನ್ನ ಕೈಗೆ ತುರುಕುತ್ತಿದ್ದರು. ಆಗ ನನಗೆ ಕಂಡದ್ದು ಆ ತುರುಕುವ ರೀತಿ ಮಾತ್ರ.

ಅವರು ನನಗೆ ಕಲಿಸಿದ್ದು ಒಂದೇ ಪಾಠ. ಮಾವನ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಎಂಬ ಬಟನ್ ಇದೆ. ಅದನ್ನು ಒತ್ತಿದರೆ ಬೆರಳು ಇದ್ದಲ್ಲೇ ಇದ್ದರೂ ಶ್ರುತಿ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಹಾಡುವವರು ಬದಲಾದಂತೆ ಮಾವ ಅದನ್ನು ಏರಿಸಿ ಇಳಿಸಿ ಮಾಡುತ್ತಿದ್ದ. ಬೇಸ್ ಗಿಟಾರಿಗೆ ಅಂಥ ಬಟನ್ ಇಲ್ಲ. ಕೈಯನ್ನೇ ಸರಿಸಬೇಕು. ಅದಕ್ಕೆ ಕಾಕಾ ನನ್ನನ್ನು ಅವರ ಸ್ಪೀಕರ್ ಪೆಟ್ಟಿಗೆಯ ಪಕ್ಕ ನಿಲ್ಲಿಸಿ, ಅದರ ಮೇಲೆ ಅಂಗೈ ಇಡಿಸಿ ಹೇಳಿದ್ದರು, "ಕೀಬೋರ್ಡ್ ಮೋಡ ಇದ್ದಂಗ, ಗಳಿಗಿಗೊಂದು ಬಣ್ಣ. ನೆಲ ನಾನು. ನನ್ನ ಹಿಡ್ಕೊಂಡು ಹಾಡು, ಬಿಡಬ್ಯಾಡ."

ಕೊಟ್ಟೂರಿನ ಆ ಮದುವೆ ಮಧ್ಯಾಹ್ನದ್ದು. ಮಂಟಪದಲ್ಲಿ ಎರಡನೆಯ ಪಂಕ್ತಿ ಊಟ ನಡೆದಿತ್ತು. ಅಲ್ಲಿಯವರೆಗೆ ಯುಗಳಗೀತೆಯ ಅರ್ಧ ಹಾಡಿದವಳಿಗೆ ಅಂದು ಮೊದಲ ಬಾರಿ ಒಂಟಿ ಹಾಡು. ನನಗಿಂತ ಮೊದಲು, ಮಾವ ಬಟನ್ ಏರಿಸಿ ನುಡಿಸಿದ ಗಂಡು ದನಿಯ ಹಾಡೊಂದು ಮುಗಿದಿತ್ತು. ಮಾವ ಕೀಬೋರ್ಡಿನಲ್ಲಿ ನನ್ನ ಹಾಡಿನ ಮುನ್ನುಡಿ ನುಡಿಸಿದ. ನಾನು ಪಲ್ಲವಿ ಎತ್ತಿದೆ. ಎರಡನೆಯ ಸಾಲಿಗೆ ಬೇಸ್ ಸೇರಿತು, ಸೇರಿದ್ದೇ ಬೇರೆ ಶ್ರುತಿಯಲ್ಲಿ. ಮೇಲೆ ಕೀಬೋರ್ಡಿನದೊಂದು, ಕೆಳಗೆ ಬೇಸಿನದೊಂದು. ತಿಂಗಳುಗಟ್ಟಲೆ ತಿದ್ದಿದ ಅಭ್ಯಾಸ, ನನ್ನ ದನಿ ತಾನಾಗಿ ಕಾಕಾನ ಕಡೆ ಜಾರಿತು. ಅದು ಸರಿಯಾಗಿ ಹಿಡಿಯುವ ಮೊದಲೇ ಹೆದರಿ ಮತ್ತೆ ಕೀಬೋರ್ಡಿಗೆ ಹಾರಿದೆ. ಊಟದ ಸಾಲಿನಿಂದ ಯಾರೋ ಹೆಂಗಸು ಮೆಲ್ಲಗೆ ಹೇಳಿದ್ದು ಮೈಕಿಗಿಂತ ಜೋರಾಗಿ ಕೇಳಿಸಿತು, "ಯಾರವ್ವಾ ಅಕಿ, ಎರಡೂರಿನ ಬಸ್ಸು ಒಮ್ಮಿಗೇ ಹತ್ಯಾಳ."

ಹೋಳಿಗೆ ಬಡಿಸುವವನೂ ನಿಂತು ನಕ್ಕ. ಮಾವ ಕೈ ಎತ್ತಿ ನಿಲ್ಲಿಸಿ, ಮೈಕಿನಲ್ಲೇ, ಬೇಸ್ ಸ್ವಲ್ಪ ನೋಡ್ಕೊಳ್ರಿ ಎಂದ. ಕಾಕಾ ಅವನನ್ನು ನೋಡುತ್ತಾ ನಿಂತರು, ಎಡಗೈ ಇದ್ದ ಜಾಗದಿಂದ ಕದಲಿಸಲಿಲ್ಲ. ಮಾವ ಕೀಬೋರ್ಡಿನ ಮೇಲೆ ಒಮ್ಮೆ ಬಗ್ಗಿದ. ಅವನ ಬೆರಳು ಬಟನ್ನಿನ ಕಡೆ ಹೋಯಿತೇ? ಹೋದದ್ದನ್ನು ನಾನು ಕಂಡೆನೇ, ಅಥವಾ ಈಗ ಇದನ್ನು ಬರೆಯುವಾಗ ಆ ಬೆರಳನ್ನು ಅಲ್ಲಿಗೆ ನಾನೇ ಕಳಿಸುತ್ತಿದ್ದೇನೆಯೇ... ಗೊತ್ತಿಲ್ಲ. ಮತ್ತೆ ಶುರು ಮಾಡೋಣ ಎಂದ ಮಾವ. ನಾನು ಮೈಕನ್ನು ಕುರ್ಚಿಯ ಮೇಲಿಟ್ಟು ವೇದಿಕೆ ಇಳಿದೆ.

ವಾಪಸು ಬರುವಾಗ ಮಾವ ಟ್ರ್ಯಾಕ್ಸಿನಲ್ಲಿ ಎಲ್ಲರಿಗೂ ಹೇಳಿದ, ಕಾಕಾಗೆ ವಯಸ್ಸಾತು, ಸ್ಕೇಲ್ ಮರೀತಾರ ಅಂತ. ಕಾಕಾ ಹಿಂದಿನ ಸೀಟಿನಿಂದ ಬಾಗಿ ನನ್ನನ್ನು ಕೇಳಿದರು.

"ಲೇ ಸೊಸಿ, ನೀ ಯಾಕ ಬಿಟ್ಟಿ? ನಾ ಬಿಟ್ಟಿದ್ನೇನು?"

ತಪ್ಪು ಮಾಡಿ ನನ್ನ ಮೇಲೆಯೇ ಹಾಕುತ್ತಿದ್ದಾನೆ ಎಂದುಕೊಂಡೆ. ಆ ಕ್ಷಣದಲ್ಲಿ ಬಹುವಚನವೂ ನನ್ನ ಮನಸ್ಸಿನಿಂದ ಹೋಯಿತು. ಮನೆಗೆ ಬಂದು ಮಾವನಿಗೆ ಹೇಳಿದೆ, ಪಾರ್ಟಿಯಲ್ಲಿ ಅವರಿರಬೇಕು, ಇಲ್ಲ ನಾನಿರಬೇಕು. ಈ ಮಾತನ್ನು ನಾನೇ ಆಡಿದೆ. ಇದರಲ್ಲಿ ನೆನಪಿನ ದೋಷವೇನೂ ಇಲ್ಲ. ಮಾವ ಒಂದು ಸಲವೂ ವಾದಿಸಲಿಲ್ಲ. ಅಷ್ಟು ಬೇಗ ಒಪ್ಪಿದ್ದು ನನ್ನ ಮೇಲಿನ ಪ್ರೀತಿಗೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಕಾಕಾನನ್ನು ಮತ್ತೆ ಕರೆಯಲಿಲ್ಲ. ಮಾವ ಎಡಗೈಯಲ್ಲಿ ಕೀಬೋರ್ಡಿನಿಂದಲೇ ಬೇಸ್ ಹೊರಡಿಸಿದ. ಜನಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ನನಗೆ ತಿಳಿಯಿತು. ಹಡಗಲಿಯಲ್ಲೊಮ್ಮೆ, ಕೂಡ್ಲಿಗಿಯಲ್ಲೊಮ್ಮೆ ಹಾಡಿದೆ. ಎರಡೂ ಕಡೆ, ಮೆಟ್ಟಿಲು ಇದೆ ಎಂದು ಇಟ್ಟ ಕಾಲು ಬಯಲಿಗೆ ಬಿದ್ದಂತಾಯಿತು. ಆಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಹಾಡು ನಿಂತಿತು. ಹೀಗೆ ನನ್ನ ಹಾಡನ್ನು ಹಾಳು ಮಾಡಿದ್ದು ಆ ಮನುಷ್ಯನೇ ಎಂದು ಲೆಕ್ಕ ಮುಗಿಸಿದ್ದೆ.

ಅಂಗಡಿಯಲ್ಲಿ ಈಗ ಕೂತಿದ್ದವಳು ಅವರ ಮಗಳು. ಮಿಕ್ಸರಿನ ಹೊಟ್ಟೆ ಬಿಚ್ಚುತ್ತಲೇ ನನ್ನ ಮುಖ ಗುರುತು ಹಿಡಿದಳು.

"ನೀವು ಸೊಸಿ ಅಲ್ಲೇನ್ರಿ? ನಮ್ಮಪ್ಪ ಹೋಗಿ ಎರಡು ವರ್ಷ ಆತು. ಹೋಗೋತನಕ ನಿಮ್ಮನ್ನ ಬೈತಿದ್ರು."

ಅವರನ್ನು ಪಾರ್ಟಿ ಬಿಡಿಸಿದ್ದಕ್ಕೇನು ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಇಲ್ರಿ. ಹಾಡೋದು ಬಿಟ್ಲು ಅಂತ."

ಗಿಟಾರ್ ಗೋಡೆಯ ಮೇಲಿತ್ತು, ಫ್ಯಾನ್ ರೆಕ್ಕೆಗಳ ನಡುವೆ. ಕೇಳಿದ್ದಕ್ಕೆ ಇಳಿಸಿ ಕೊಟ್ಟಳು. ಅದರ ಕುತ್ತಿಗೆಯ ಅಂಚಿನಲ್ಲಿ, ನುಡಿಸುವವರಿಗೆ ಮಾತ್ರ ಕಾಣುವಂತೆ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ಚೂರುಗಳು ಸಾಲಾಗಿ ಅಂಟಿದ್ದವು. ಹಾಡುವ ಒಬ್ಬೊಬ್ಬರ ಶ್ರುತಿಗೆ ಒಂದೊಂದು ಗುರುತು, ಕೈ ಎಲ್ಲಿಂದ ಹೊರಡಬೇಕು ಎಂದು. ಒಂದರ ಮೇಲೆ ಮಾಸಿದ ಶಾಯಿಯಲ್ಲಿ 'ಸೊಸಿ' ಎಂದಿತ್ತು. ಅದು ನನ್ನ ಶ್ರುತಿಯೇ. ಹೆಬ್ಬೆರಳಿನಿಂದ ಮೀಟಿ, ದವಡೆಯನ್ನು ಮರಕ್ಕೆ ಒತ್ತಿ ಕೇಳಿ ನೋಡಿದೆ. ತಂತಿ ತುಕ್ಕು ಹಿಡಿದಿದ್ದರೂ ಅಂದು ನಾನು ಜಾರಿದ್ದು ಇಲ್ಲಿಗೇ ಎಂದು ಗಂಟಲಿಗೆ ಗೊತ್ತಾಯಿತು.

ಒಂದು ಚೂರು ಪ್ಲಾಸ್ಟರ್ ಏನನ್ನೂ ಸಾಬೀತು ಮಾಡುವುದಿಲ್ಲ. ಅದನ್ನು ಕೊಟ್ಟೂರಿನ ನಂತರ ಅಂಟಿಸಿರಬಹುದು. ಗುರುತು ಇದ್ದೂ ಅಂದು ಕೈ ತಪ್ಪಿರಬಹುದು. ಅವರ ನಾಲಿಗೆಯನ್ನು ನಾನು ಈಗಲೂ ಕ್ಷಮಿಸಿಲ್ಲ, ಒಳಗೆ ಒಳ್ಳೆಯವರಿದ್ದರು ಎಂದು ಈಗ ಬರೆದು ಹಗುರಾಗುವುದೂ ನನಗೆ ಬೇಡ. ಆದರೆ ತಪ್ಪು ಅವರದಲ್ಲದಿದ್ದರೆ, ಬಾಯಿ ಕೆಟ್ಟ, ಕೈ ಸರಿಯಿದ್ದ ಒಬ್ಬ ವಾದಕನನ್ನು ವೇದಿಕೆಯಿಂದ ಇಳಿಸಿದವಳು ನಾನು. ಹೋಗಿ ಕೇಳೋಣವೆಂದರೆ ಅವರಿಲ್ಲ.

ಅಲ್ಲಿಂದ ನೇರವಾಗಿ ಮಾವನ ಮನೆಗೆ ಹೋದೆ. ಕೀಬೋರ್ಡ್ ಹಳೆಯ ದುಪ್ಪಟಿ ಸುತ್ತಿಕೊಂಡು ಅಲಮಾರಿನ ಮೇಲಿತ್ತು. ನಾನು ಕೇಳಿದೆ. ಮಾವ ಎದ್ದು ದುಪ್ಪಟಿಯನ್ನು ಸರಿಯಾಗಿ ಹೊದಿಸಿ, ಮಿಕ್ಸರ್ ರಿಪೇರಿ ಆತೇನು ಎಂದ. ತಿಂಗಳಾಯಿತು. ಹಗರಿಬೊಮ್ಮನಹಳ್ಳಿಯಿಂದ ಎರಡು ಸಲ ಫೋನ್ ಮಾಡಿದ್ದೇನೆ, ಎರಡು ಸಲವೂ ಫೋನನ್ನು ಅತ್ತೆಯ ಕೈಗೆ ಕೊಟ್ಟ. ನಾನು ಕೇಳಿದ್ದು ಇಷ್ಟೇ.

"ಮಾವಾ, ಅವತ್ತು ನನ್ನ ಹಾಡಿಗಿಂತ ಮೊದಲು ಆ ಬಟನ್ ಮತ್ತ ನನ್ನ ಶ್ರುತಿಗೆ ಇಳಿಸಿದ್ದೇನು?"