ಮೀನಖಂಡ ಮುಟ್ಟಿ ನೋಡದವರು

ನಾಲ್ಕು ವರ್ಷದ ಹಿಂದೆ ಪಾಂಡವಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಆಪರೇಷನ್ ವಾರ್ಡಿನ ನರ್ಸಾಗಿದ್ದೆ. ಕಿರಂಗೂರಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷ ನನ್ನನ್ನು ಎರಡು ದಿನದ ತರಬೇತಿಗೆ ಮೈಸೂರಿಗೆ ಕಳಿಸಿದರು. ಇಂಥ ತರಬೇತಿಗಳಲ್ಲಿ ಊಟ ನೆನಪಿರುತ್ತದೆ, ಪಾಠ ಮರೆತುಹೋಗುತ್ತದೆ. ಆ ಸಲ ಮಾತ್ರ ಹಾಗಾಗಲಿಲ್ಲ.

ಪಾಠ ಮಾಡಿದ ವೈದ್ಯೆ ಹೇಳಿದ್ದು ಸರಳ. ಮೂಳೆ ಮುರಿದು ಆಪರೇಷನ್ ಆದವರು ಅಲ್ಲಾಡದೆ ಮಲಗಿದರೆ ಕಾಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಮನುಷ್ಯ ನಿಂತ ನಿಲುವಿನಲ್ಲೇ ಹೋಗಿಬಿಡಬಹುದು. ತಡೆಯಲು ಔಷಧಿ ಇದೆ. ಮೂಳೆ ಮುರಿದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದುಬಾರಿ ಚುಚ್ಚುಮದ್ದು, ಇನ್ನೊಂದಕ್ಕೆ ಬರೀ ಆಸ್ಪಿರಿನ್ ಮಾತ್ರೆ ಕೊಟ್ಟು ನೋಡಿದ್ದಾರಂತೆ. ಸಾವು ತಪ್ಪಿಸುವುದರಲ್ಲಿ ಮಾತ್ರೆ ಹಿಂದೆ ಬೀಳಲಿಲ್ಲವಂತೆ. ಆ ಮಾತ್ರೆ ನಮ್ಮ ಔಷಧಿ ಕೋಣೆಯಲ್ಲೇ ಡಬ್ಬಿಗಟ್ಟಲೆ ಇತ್ತು.

ಬಂದವಳೇ ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದೆ. ಈ ರೋಗಿಗೆ ಹೆಪ್ಪುಗಟ್ಟುವ ಅಪಾಯವಿದೆಯೇ, ರಕ್ತಸ್ರಾವದ ಭಯವಿದೆಯೇ, ಯಾವ ಔಷಧಿ, ಯಾವಾಗ ಎಬ್ಬಿಸಿ ನಡೆಸುವುದು. ಪ್ರತಿ ರೋಗಿಯ ಕಾಗದದ ಜೊತೆ ಇದೊಂದನ್ನು ಇಡೋಣವೆಂದು ನಮ್ಮ ಮೂಳೆ ಡಾಕ್ಟರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ಓದಿದರು.

"ಇದು ಹೊರದೇಶದೋರ ಕತೆ ಕಣಮ್ಮ. ನಮ್ಮ ಜನ ಮುದ್ದೆ ತಿಂದು ಗದ್ದೇಲಿ ಗೇದೋರು. ಇವರಿಗೆ ರಕ್ತ ಹೆಪ್ಪುಗಟ್ಟೋದು ಗಿಪ್ಪುಗಟ್ಟೋದು ಇಲ್ಲ. ಇಷ್ಟು ವರ್ಷದಲ್ಲಿ ನಾನಂತೂ ಒಂದೂ ನೋಡಿಲ್ಲ."

ನೀವು ನೋಡುವುದಾದರೂ ಹೇಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮನೆಗೆ ಹೋಗಿ ಮೂರನೆಯ ವಾರ ಕುಸಿದು ಬಿದ್ದವನ ಸುದ್ದಿಯನ್ನು ಯಾರು ನಿಮಗೆ ತಂದು ಹೇಳುತ್ತಾರೆ? ಊರವರು ಎದೆ ಒಡೀತು ಎನ್ನುತ್ತಾರೆ, ಮಣ್ಣು ಮಾಡುತ್ತಾರೆ. ಆದರೆ ನಾನು, "ಆಯ್ತು ಸಾರ್" ಅಂದೆ. ಹಾಳೆ ಫೈಲಿಗೆ ಹೋಯಿತು. ನನ್ನ ಆ "ಆಯ್ತು ಸಾರ್" ಅನ್ನು ನಾನಿನ್ನೂ ಕ್ಷಮಿಸಿಲ್ಲ.

ಅದಾಗಿ ಎರಡು ತಿಂಗಳಿಗೆ ತೊಣ್ಣೂರಿನಿಂದ ಒಬ್ಬ ಹೆಂಗಸು ಬಂದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ಐವತ್ತರ ಆಸುಪಾಸು, ತುಂಬಿದ ಮೈ. ಸಾರಿನ ಪಾತ್ರೆ ಇಳಿಸುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಸೊಗಸಾಗಿ ಆಯಿತು. ನಮ್ಮ ಡಾಕ್ಟರ ಕೈ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ನೋಡಿಕೊಳ್ಳಲು ಅವಳ ಅಕ್ಕ ಜೊತೆಗಿದ್ದಳು. ತಂಗಿ ಪಾದ ಆಡಿಸಿದರೂ ಗದರುವಳು.

"ಸುಮ್ಕೆ ಮನೀಕೊ, ಆಕಿರೋ ಒಲಿಗೆ ಬಿಚ್ಕಂಡಾತು."

"ಆಡಿಸ್ಲಿ ಅಮ್ಮ, ಆಡಿಸಿದ್ರೇನೇ ಒಳ್ಳೇದು" ಎಂದು ನಾನು ಹೇಳಿದರೆ, "ಡಾಕುಟ್ರು ಏಳ್ಲಿಲ್ವಲ್ಲ" ಅನ್ನುವಳು. ಅವಳ ಮಾತು ಸರಿ. ಡಾಕ್ಟರು ಹೇಳಿರಲಿಲ್ಲ.

ಐದನೆಯ ದಿನ ಹಾಸಿಗೆ ಬದಲಿಸುವಾಗ ಆಪರೇಷನ್ ಆದ ಕಾಲಿನ ಮೀನಖಂಡ ಬಿಗಿದು ಬಿಸಿಯಾಗಿದ್ದದ್ದು ಕೈಗೆ ಗೊತ್ತಾಯಿತು. ಇನ್ನೊಂದು ಕಾಲಿಗಿಂತ ಎದ್ದು ಕಾಣುವಷ್ಟು ಊದಿತ್ತು. ಒತ್ತಿದರೆ ಅವಳು ಮುಖ ಹಿಂಡಿದಳು. ಓಡಿಹೋಗಿ ಹೇಳಿದೆ. ಡಾಕ್ಟರು ಬಾಗಿಲ ಹತ್ತಿರ ನಿಂತೇ, "ಆಪರೇಷನ್ ಆದ ಕಾಲು ಊದದೆ ಇನ್ನೇನಾಗತ್ತೆ? ದಿಂಬು ಕೊಡು" ಅಂದರು. ಮುಟ್ಟಿ ನೋಡಲಿಲ್ಲ. ಸ್ಕ್ಯಾನಿಗೆ ಬರೆಯಲಿಲ್ಲ. ನಾನು ದಿಂಬು ಕೊಟ್ಟೆ.

ಎಂಟನೆಯ ದಿನ ಬೆಳಿಗ್ಗೆ ಮನೆಗೆ ಹೊರಡಬೇಕು. ಅಕ್ಕ ಹೊಸ ಸೀರೆ ತಂದಿದ್ದಳು. ಮಂಚದಿಂದ ಎಬ್ಬಿಸಿ ನಿಲ್ಲಿಸಿ ನೆರಿಗೆ ಹಿಡಿಯುತ್ತಿದ್ದಾಗ ತಂಗಿ, "ಅಕ್ಕಾ, ಉಸ್ರು ಸಾಲ್ತಿಲ್ಲ" ಅಂದಳು. ತುಟಿ ನೀಲಿಯಾಯಿತು. ಆಮ್ಲಜನಕ ಹಾಕಿ ಆಂಬುಲೆನ್ಸಿಗೆ ಏರಿಸಿದೆವು. ನಾನೂ ಹತ್ತಿದೆ. ಶ್ರೀರಂಗಪಟ್ಟಣದ ಸೇತುವೆ ದಾಟುವ ಮೊದಲೇ ನಾಡಿ ನಿಂತಿತು. ಎದೆ ಒತ್ತುತ್ತಲೇ ಮೈಸೂರು ಮುಟ್ಟಿದೆ. ಅಲ್ಲಿನ ಡಾಕ್ಟರು ಊದಿದ ಕಾಲನ್ನೂ ನನ್ನ ಮುಖವನ್ನೂ ನೋಡಿ, "ಏನೂ ಕೊಟ್ಟಿರಲಿಲ್ವಾ?" ಎಂದಷ್ಟೇ ಕೇಳಿದರು.

ವಾಪಸ್ಸು ಬಂದು ನೋಡಿದರೆ ನಮ್ಮ ದಾಖಲೆಯಲ್ಲಿ ಹೃದಯಾಘಾತ ಎಂದು ಬರೆದು ಮುಗಿಸಿದ್ದರು. ಕಾಲು ಊದಿದ್ದರ ಬಗ್ಗೆ ನಾನು ಐದನೆಯ ದಿನ ಬರೆದ ಸಾಲು ಮಾತ್ರ ನರ್ಸುಗಳ ಪುಸ್ತಕದಲ್ಲಿ ಹಾಗೇ ಇತ್ತು. ಸತ್ತವಳಿಗೆ ನಾವು ಸಾವಿನ ಕಾರಣವನ್ನೂ ಸರಿಯಾಗಿ ಕೊಡಲಿಲ್ಲ.

ಹನ್ನೊಂದರ ತಿಥಿ ಕಳೆದ ಮೇಲೆ ತೊಣ್ಣೂರಿಗೆ ಹೋದೆ. ಅಕ್ಕ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ, "ನಾನೇ ಕಣವ್ವ ಕೊಂದಿದ್ದು. ಎಬ್ಸಿ ನಿಲ್ಸುದ್ನಲ್ಲ. ಸೀರೆ ಉಡುಸ್ಬೇಕು ಅಂತ ನನ್ಗೇ ಅರ್ಜೆಂಟಾಗಿತ್ತು" ಅಂದಳು.

ಆಸ್ಪತ್ರೆಯಲ್ಲಿ ಯಾರೂ ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಆ ಭಾರವನ್ನು ಅವಳೊಬ್ಬಳ ತಲೆಯ ಮೇಲಿಟ್ಟು ಎಲ್ಲರೂ ಹಾಯಾಗಿದ್ದರು. ನಾನು ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಹೆಪ್ಪು, ಮಾತ್ರೆ, ಫೈಲಿಗೆ ಹೋದ ಹಾಳೆ, ಕೊಟ್ಟ ದಿಂಬು, ಯಾವುದನ್ನೂ ಬಿಡಲಿಲ್ಲ.

"ಅಂಗಾರೆ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಕಿದ್ರಾ?"

ಅವಳು ಬೈಯಲಿಲ್ಲ. "ಇನ್ನೊಬ್ರುಗೆ ಇಂಗ್ ಮಾಡ್ಬ್ಯಾಡಿ" ಎಂದು ಒಳಗೆದ್ದು ಹೋದಳು.

ಮುಂದಿನ ತಿಂಗಳು ಆಸ್ಪತ್ರೆಯ ಸಭೆಯಲ್ಲಿ ನಾನು ನರ್ಸುಗಳ ಪುಸ್ತಕ ಹಿಡಿದುಕೊಂಡು ಎದ್ದುನಿಂತೆ. ಐದನೆಯ ದಿನದ ಸಾಲನ್ನು ಗಟ್ಟಿಯಾಗಿ ಓದಿದೆ, ಫೈಲಿಗೆ ಹೋಗಿದ್ದ ನಾಲ್ಕು ಪ್ರಶ್ನೆಯ ಹಾಳೆಯನ್ನೂ ಮೇಜಿನ ಮೇಲಿಟ್ಟೆ. ನಮ್ಮ ಡಾಕ್ಟರು ಕೆಂಪಗಾದರು. "ನರ್ಸು ಡಾಕ್ಟ್ರಿಗೆ ಪಾಠ ಹೇಳೋ ಕಾಲ ಬಂತು" ಅಂದರು. ಪಾಠ ಹೇಳುತ್ತಿರುವುದು ನಾನಲ್ಲ, ಮಾತ್ರೆ, ಚುಚ್ಚುಮದ್ದಿನ ಆ ಪರೀಕ್ಷೆಗೆ ಒಪ್ಪಿ ಮೈಕೊಟ್ಟ ರೋಗಿಗಳು ಎಂದೆ. ಅವರು ಅಷ್ಟು ಮಾಡಿ ಕಂಡುಕೊಂಡದ್ದನ್ನು ಬೀರುವಿನಲ್ಲಿಡಲು ನಾವು ಯಾರು ಎಂದೆ.

ಕೆ.ಆರ್. ಪೇಟೆಯಿಂದ ವಾರಕ್ಕೆರಡು ದಿನ ಬರುತ್ತಿದ್ದ ಅರಿವಳಿಕೆ ಡಾಕ್ಟರು ಆವರೆಗೂ ತಲೆ ತಗ್ಗಿಸಿ ಕೂತಿದ್ದರು. ಅವರು ನಿಧಾನಕ್ಕೆ ಹೇಳಿದರು: "ಆ ನಾಲ್ಕು ಪ್ರಶ್ನೆಗೆ ಉತ್ತರ ಬರೀದೆ ಇದ್ರೆ ಇನ್ಮೇಲೆ ನಾನು ಅರಿವಳಿಕೆ ಕೊಡಲ್ಲ."

ಬದಲಾವಣೆ ಬಂದದ್ದು ಅಲ್ಲಿಂದ, ನನ್ನ ಭಾಷಣದಿಂದಲ್ಲ. ಒಂದು ತಿಂಗಳೊಳಗೆ ಹಾಳೆ ಪ್ರತಿ ರೋಗಿಯ ಕಾಗದದ ಮೇಲೆ ಬಂತು. ಹೆಚ್ಚಿನವರಿಗೆ ಮಾತ್ರೆ, ಕೆಲವರಿಗೆ ಚುಚ್ಚುಮದ್ದು, ರಕ್ತಸ್ರಾವದ ಭಯವಿದ್ದವರಿಗೆ ಬರೀ ಕಾಲಿನ ವ್ಯಾಯಾಮ. ಆಗುವವರನ್ನು ಮರುದಿನವೇ ಎಬ್ಬಿಸಿ ನಡೆಸತೊಡಗಿದೆವು. ನಮ್ಮ ಡಾಕ್ಟರು ಹಾಳೆಗೆ ಸಹಿ ಹಾಕುತ್ತಿದ್ದರು. ನನ್ನ ಜೊತೆ ಮಾತು ಮಾತ್ರ ಬಿಟ್ಟರು. ಆ ಹೆಂಗಸಿನ ಸಾವಿನ ಕಾರಣವನ್ನು ತಿದ್ದಲು ಕೊನೆಗೂ ಒಪ್ಪಲಿಲ್ಲ.

ಆರು ತಿಂಗಳಿಗೆ ನನ್ನನ್ನು ನಾಗಮಂಗಲದ ಕಡೆಗೆ ವರ್ಗ ಮಾಡಿದರು. ಕಾರಣ ಕೇಳಿದರೆ ಆಡಳಿತದ ಅಗತ್ಯ ಅಂದರು. ಈಗ ಬಸ್ಸಿನಲ್ಲಿ ಹಲವು ಪಟ್ಟು ದೂರ. ಹೊಸ ವಾರ್ಡಿನಲ್ಲಿ ಮೊದಲ ದಿನ, ಸೊಂಟದ ಆಪರೇಷನ್ ಆಗಿ ಮೂರು ದಿನದಿಂದ ಮಲಗಿದ್ದ ಒಬ್ಬ ಮುದುಕನ ಹೊದಿಕೆ ಸರಿಸಿ ಎರಡೂ ಮೀನಖಂಡ ಮುಟ್ಟಿ ನೋಡಿದೆ. ಅಲ್ಲಿನ ನರ್ಸು ಬೆರಗಾಗಿ ಕೇಳಿದಳು: "ಏನ್ ನೋಡ್ತಿದ್ದೀರಾ ಅಕ್ಕ? ಇಲ್ಲಿ ಯಾರೂ ಅದೆಲ್ಲ ನೋಡಲ್ಲ."