ಟೇಪು ಹಿಡಿದು ಅಳೆದ ಮೊಳಕೆ

ಸರಸಂಬಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಜಂಪರ್ ಹೊಲಿಯುವಾಕೆ ಇದ್ದಳು. ಗಿಡಕ್ಕೆ ನೀರು ಹಾಕುವಾಗಲೂ ಕೊರಳಲ್ಲಿ ಅಳತೆಯ ಟೇಪು. ಸುಗಂಧರಾಜದ ಗಡ್ಡೆಗಳನ್ನು ನಾವಿಬ್ಬರೂ ಹಂಚಿಕೊಂಡು ಒಂದೇ ದಿನ ನೆಟ್ಟಿದ್ದೆವು. ನನಗೆ ಆಗಷ್ಟೇ ಮೊಮ್ಮಗಳು ಹುಟ್ಟಿದ್ದಳು! ಅಷ್ಟು ಬೇಗ ಅರಳುವುದು ಕಷ್ಟವೆಂದು ಗೊತ್ತಿದ್ದರೂ, ಮೂರು ತಿಂಗಳಿಗೆ ಅವಳನ್ನು ತೊಟ್ಟಿಲಿಗೆ ಹಾಕುವಾಗ ನನ್ನ ಅಂಗಳದ ಹೂವನ್ನೇ ಕಟ್ಟಬೇಕೆಂದು ಕುಣಿಯುತ್ತಿದ್ದೆ.

ಆ ವರ್ಷ ಚಳಿ ಬೀಳಲೇ ಇಲ್ಲ. ಬೇಸಿಗೆಗೆ ಏಳಬೇಕಾದ ಮೊಳಕೆ ಆಕೆಯ ಅಂಗಳದಲ್ಲಿ ಸಂಕ್ರಾಂತಿಗೂ ಮೊದಲೇ ಎದ್ದಿತು. ಆಕೆ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದು, "ಅಕ್ಕಾ, ಇವತ್ತ ಅರ್ಧ ಇಂಚ ಏರೇದ ನೋಡ್ರಿ" ಎನ್ನುವಳು. ನನಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ನನ್ನವು ಎದ್ದಿವೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಮಣ್ಣು ಕೆದರಿ ನೋಡುತ್ತಿದ್ದೆ.

"ತಡೀರಿ, ಬರ್ತದ" ಎನ್ನುವುದೇ ಆಕೆಯ ಮಾತು. ಒಂದು ದಿನ ಕೆದರುವಾಗ ಸಿಕ್ಕಿಬಿದ್ದೆ.

"ಮಲಗಿದ ಕೂಸಿಗಿ ಎಬ್ಬಿಸಿ, ನಿದ್ದಿ ಬಂತೇನು ಅಂತ ಕೇಳ್ತೀರೇನ್ರಿ?" ಎಂದು ನಕ್ಕಳು.

ಕೆದರಿ ಕೆದರಿ ನನ್ನ ಮೊಳಕೆಗಳೆಲ್ಲ ಮುರಿದೇ ಹೋದವು. ತೊಟ್ಟಿಲಿನ ದಿನ ಆಕೆ ತನ್ನ ಮೊದಲ ಹೂಗೊನೆ ಕೊಯ್ದು ತಂದು ತೊಟ್ಟಿಲಿಗೆ ಕಟ್ಟಿದಳು.

"ಇಷ್ಟ ಲಗೂನ ಅರಳ್ಯಾವಲ್ಲ, ಯಾರ ಅಂಗಳದ್ದಬೇ?" ಎಂದು ಹೆಂಗಸರು ಆಕೆಯನ್ನು ಕೇಳಿದರು.

"ಅಕ್ಕಾರದೇರಿ" ಎಂದು ನನ್ನ ಕಡೆ ಕೈ ತೋರಿಸಿದಳು.

"ಹೌದ್ರವ್ವಾ, ನಂದೇ" ಎಂದು ನಾನೂ ಜೋರಾಗಿಯೇ ಹೇಳಿಬಿಟ್ಟೆ. ಜೋಗುಳ ಶುರುವಾಯಿತು, ಮೊಮ್ಮಗಳ ಮುಖ ನೋಡಿ ಕಣ್ಣು ತುಂಬಿತು. ಆದರೂ, ಅಷ್ಟು ಸಲೀಸಾಗಿ ಕೊಟ್ಟುಬಿಡುವುದೂ ಆಕೆಗೇ ಬರಬೇಕಿತ್ತೆ ಎಂದು ಒಳಗೊಳಗೇ ಇನ್ನಷ್ಟು ಉರಿದೆ.